ಒಂದು ಕ್ರಿಯಾಪದ, ಹನ್ನೊಂದು ಸಾವಿರ ಫೋಟೋ

ಸೋಮವಾರ, ೩ ನವೆಂಬರ್ ೨೦೨೫

ಇವತ್ತು ಫೋನು ನನಗೆ ಬುದ್ಧಿ ಹೇಳಿತು: "ಸಂಗ್ರಹಣೆ ತುಂಬಿದೆ. ಕೆಲವನ್ನು ಅಳಿಸಿ." ಎಂ.ಎ. ಕನ್ನಡ ಓದಿ, ಮಕ್ಕಳಿಗೆ ಕನ್ನಡ ಕಲಿಸಿ, ಕೈಯಲ್ಲಿ ಮಾತ್ರ ಇಂಗ್ಲಿಷ್ ಮಾತಾಡುವ ಫೋನು ಹಿಡಿಯಬಾರದೆಂದು ಹಟ ಮಾಡಿ ಅದನ್ನು ಕನ್ನಡಕ್ಕೆ ತಿರುಗಿಸಿದವಳು ನಾನೇ. ಈಗ ಅನುಭವಿಸಬೇಕು. 'ಅಳಿಸಿ' ಎಂದರೆ ಒರೆಸಿ ಹಾಕಿ ಎಂದೂ ಆಗುತ್ತದೆ, ಅಳುವ ಹಾಗೆ ಮಾಡಿ ಎಂದೂ ಆಗುತ್ತದೆ. ಒಂದು ಫೋಟೋದ ಮೇಲೆ ಬೆರಳಿಟ್ಟರೆ ಕೇಳುತ್ತದೆ: "ಶಾಶ್ವತವಾಗಿ ಅಳಿಸುವುದೇ?" ಇಷ್ಟು ನೇರವಾಗಿ ಬೀಗರೂ ಕೇಳುವುದಿಲ್ಲ.

ರಾಜ್ಯೋತ್ಸವದ ಫೋಟೋಗಳನ್ನು ಕಳಿಸಿ ಎಂದು ಪ್ರಾಚಾರ್ಯರು ಮೂರು ಸಲ ಕೇಳಿದ್ದಾರೆ. ಜಾಗ ಮಾಡುವುದು ಅದಕ್ಕಾಗಿ. ಬೇರೆ ಕಾರಣವೇನಿಲ್ಲ.

ರಾಮದುರ್ಗದಿಂದಲೂ ವಾಟ್ಸ್ಯಾಪಿನಲ್ಲಿ ಒಂದು ಚಿತ್ರ ಬಂದಿದೆ. ಐದು ತಿಂಗಳಲ್ಲಿ ಮೊದಲನೆಯದು. ಒಡೆದ ಕನ್ನಡಕದಿಂದ ನೋಡಿದ ಹಾಗೆ ಮಬ್ಬಾಗಿದೆ. ಮೇಲೆ ಅರಿಶಿನ ಬಣ್ಣ, ಕೆಳಗೆ ಕೆಂಪು. ಒತ್ತಿದರೆ ಜಾಗವಿಲ್ಲ ಎನ್ನುತ್ತದೆ. ನಾಲ್ಕು ಸಲ ಒತ್ತಿದೆ, ಫೋನು ಸರಿಯಿದೆಯೋ ಇಲ್ಲವೋ ನೋಡಲು. (ರಾಮದುರ್ಗ ಎಂದರೆ ನನ್ನ ತಂಗಿ. ಅವಳ ಹೆಸರನ್ನು ಈ ವಹಿಯಲ್ಲಿ ಬರೆಯುವುದಿಲ್ಲ ಎಂದು ಜೂನಿನಲ್ಲೇ ನಿಶ್ಚಯಿಸಿದ್ದೇನೆ.)

ಇವರಿಗೆ ಹೇಳಿದೆ. ಇವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಯಾವ ಮಾತನ್ನೂ ಎರಡನೇ ವಾಕ್ಯಕ್ಕೆ ಎಳೆಯುವುದಿಲ್ಲ.

"ಒಂದ ಮೆಮರಿ ಕಾರ್ಡ ಹಾಕ್ಕೋ."

"ಹಾಕ್ಕೊಂಡ ಮ್ಯಾಲ?"

"ಅದೂ ತುಂಬತೈತಿ."

ಹನ್ನೊಂದು ಸಾವಿರದ ಇನ್ನೂರ ಹದಿನಾಲ್ಕು ಫೋಟೋಗಳಿವೆಯಂತೆ. ನಾನು ಅಷ್ಟು ಬದುಕಿದ ನೆನಪಿಲ್ಲ.

ಮಂಗಳವಾರ, ೪ ನವೆಂಬರ್

ಕಾಲೇಜು ಬಿಟ್ಟ ಮೇಲೆ ಬಜಾರಿನಲ್ಲಿ ಮಡಿವಾಳೆಪ್ಪನ ಮೊಬೈಲ್ ಅಂಗಡಿಗೆ ಹೋದೆ. ಅವನು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಕ್ಕಾರ, ಇದೇನ್ರಿ, ಕನ್ನಡ ಹಾಕೀರಿ? ನನಗ ಏನೂ ತಿಳಿವಲ್ದು."

"ನಿಮಗ ಕನ್ನಡ ತಿಳಿಯೂದಿಲ್ಲೇನ?"

"ಮಾತಾಡೂ ಕನ್ನಡ ತಿಳಿತೈತ್ರಿ. ಇದು ಸರ್ಕಾರಿ ಕನ್ನಡ." ಕಾರ್ಡು ಹಾಕಿಕೊಟ್ಟು ಕೇಳಿದ: "ಫೋಟೋ ಮೂವ್ ಮಾಡಾವ್ರೋ, ಕಾಪಿ ಮಾಡಾವ್ರೋ?"

"ಎರಡಕ್ಕೂ ಏನ ಫರಕು?"

"ಮೂವ್ ಅಂದ್ರ ಮಗಳನ್ನ ಕೊಟ್ಟಂಗ್ರಿ. ಇಲ್ಲಿ ಇರಂಗಿಲ್ಲ, ಅಲ್ಲಿ ಇರತಾಳ. ಕಾಪಿ ಅಂದ್ರ ಮನಿ ಅಳ್ಯಾನ ತಂದಂಗ. ಮಗಳೂ ಇಲ್ಲೇ, ಅಳ್ಯಾನೂ ಇಲ್ಲೇ, ಜಾಗಾ ಮಾತ್ರ ಸಾಲೂದಿಲ್ಲ."

ಇಪ್ಪತ್ತು ವರ್ಷ ಅಲಂಕಾರ ಕಲಿಸಿದ್ದೇನೆ. ಇಂಥ ಒಂದು ಉಪಮೆ ನನಗೆ ಹೊಳೆದಿಲ್ಲ.

"ಮತ್ತ ಒಂದ ಮಾತ್ರಿ. ಮೊದಲ ಕಂಪ್ಯೂಟರಿಗೆ ಒಂದ ಕಾಪಿ ಹಾಕಿಡ್ರಿ. ಕಾರ್ಡ ಹಂಗ ಹಿರದ ತೆಗೀಬ್ಯಾಡ್ರಿ. ಸೆಟ್ಟಿಂಗಿನ್ಯಾಗ ಹೇಳಿ, ಅದು ಹೂಂ ಅಂದ ಮ್ಯಾಲ ತೆಗೀರಿ."

"ಕಾರ್ಡಿಗೆ ಹೇಳಿ ತೆಗೀಬೇಕ?"

"ಹೌದ್ರಿ ಮತ್ತ. ಹೇಳದ ಕೇಳದ ಎದ್ದ ಹೋದ್ರ ಒಳಗಿಂದೆಲ್ಲಾ ಕೆಡತೈತಿ."

ಹೇಳದೆ ಕೇಳದೆ ಎದ್ದು ಹೋಗುವುದರ ಬಗ್ಗೆ ನನಗೆ ಉಪದೇಶ ಬೇಕಿರಲಿಲ್ಲ. ರಸೀದಿ ತೆಗೆದುಕೊಂಡು ಬಂದೆ.

ಗುರುವಾರ, ೬ ನವೆಂಬರ್

ಎರಡು ತಾಸು ಕುಳಿತೆ. ಮೂವತ್ತೇಳು ಫೋಟೋ ಸರಿಸಿದೆ. ಈ ಲೆಕ್ಕದಲ್ಲಿ ನಿವೃತ್ತಿಯ ಹೊತ್ತಿಗೆ ಮುಗಿದೀತು.

ತೊಂದರೆ ಏನೆಂದರೆ ಸರಿಸುವ ಮೊದಲು ನೋಡುತ್ತೇನೆ. ಹಲಗೆಯ ಮೇಲೆ ನಾನೇ ಬರೆದ ಶ್ಲೇಷಾಲಂಕಾರದ ಲಕ್ಷಣ: ಏಳು ವರ್ಷ, ಏಳು ಫೋಟೋ. ವರ್ಷದಿಂದ ವರ್ಷಕ್ಕೆ ಅಕ್ಷರ ಸಣ್ಣದಾಗುತ್ತಾ ಬಂದಿದೆ, ಯಾರೂ ಓದುವುದಿಲ್ಲ ಎಂದು ಅದಕ್ಕೂ ತಿಳಿದ ಹಾಗೆ. ಕಿತ್ತೂರು ಬಸ್ ನಿಲ್ದಾಣದ ವೇಳಾಪಟ್ಟಿ. ಅದರಲ್ಲಿದ್ದ ಬಸ್ಸುಗಳು ಈಗ ಇಲ್ಲ. ಯಾರೋ ಕಳಿಸಿದ ಶುಭೋದಯದ ಗುಲಾಬಿಗಳು ನೂರಕ್ಕೂ ಮೇಲೆ. ಅವನ್ನು ಶಾಶ್ವತವಾಗಿ ಅಳಿಸಿದೆ. ಯಾರೂ ಅಳಲಿಲ್ಲ.

ಊಟದ ಮೇಲೆ ಮತ್ತೆ ಕುಳಿತೆ, ರಾಮದುರ್ಗದವು ಬಂದವು. ಇವನ್ನೆಲ್ಲ ಮೊದಲೇ ತೆಗೆದುಹಾಕಬೇಕಿತ್ತು. ಸಪ್ನಾ, ಅಂದರೆ ಅವಳ ಮಗಳು, ಪಿಯುಸಿ ಎರಡು ವರ್ಷ ನಮ್ಮ ಮನೆಯಲ್ಲಿದ್ದು ಓದಿದಳು. ಭೌತಶಾಸ್ತ್ರದ ಪುಸ್ತಕದ ಮೇಲೆ ಬಾಯಿ ತೆರೆದು ಮಲಗಿದ್ದಾಳೆ. ನನ್ನ ಕನ್ನಡಕ ಹಾಕಿಕೊಂಡು ನನ್ನ ಹಾಗೆ ಪಾಠ ಮಾಡುತ್ತಿದ್ದಾಳೆ. ಇವರ ಗ್ರೀಸು ಮೆತ್ತಿದ ಹೆಗಲ ಮೇಲೆ ಕೈ ಇಟ್ಟು ನಗುತ್ತಿದ್ದಾಳೆ. ಅರವತ್ತೆರಡು ಆರಿಸಿದೆ. 'ಅಳಿಸಿ' ಒತ್ತಲು ಹೋದೆ, ಬೆರಳು 'ಸರಿಸಿ'ಯ ಮೇಲೆ ಬಿತ್ತು. ಎರಡು ಗುಂಡಿಗಳನ್ನೂ ಅಕ್ಕಪಕ್ಕ ಇಟ್ಟಿದ್ದಾರೆ. ಫೋನು ಮಾಡಿದವರ ತಪ್ಪು.

ಶನಿವಾರ, ೮ ನವೆಂಬರ್

ಕನಕ ಜಯಂತಿ, ರಜೆ. ಇವರು ಡಿಪೋಕ್ಕೆ ಹೋಗಿದ್ದಾರೆ.

ಜೂನ್ ಎಂಟನೇ ತಾರೀಖಿನ ಗುಂಪು ಹಾಗೇ ಇದೆ: ನಲವತ್ತೊಂದು ಫೋಟೋ, ಒಂದು ವಿಡಿಯೊ. ಆ ದಿನದಿಂದ ಅದನ್ನು ತೆರೆದಿಲ್ಲ. ಇವತ್ತೂ ತೆರೆಯಲಿಲ್ಲ. ಆದರೆ ಬರೆದು ಇಡುತ್ತೇನೆ. ಬರೆದದ್ದಕ್ಕೆ ಫೋನಿನಲ್ಲಿ ಜಾಗ ಬೇಕಿಲ್ಲ.

ಸಪ್ನಾಳ ಕುಬಸ, ಅಂದರೆ ಸೀಮಂತ, ಇತ್ತು, ಏಳನೇ ತಿಂಗಳು. ಹಸಿರು ಸೀರೆ, ಹಸಿರು ಬಳೆ ಹಾಕಿ ಕುರ್ಚಿಯ ಮೇಲೆ ಕೂಡಿಸಿದ್ದರು. ಐದು ಮಂದಿ ಹೆಂಗಸರು ಉಡಿ ತುಂಬಿದ್ದಾಯಿತು, ಐದನೆಯವಳು ನಾನು. ನಾನು ಅವಳ ಮಗ್ಗುಲಲ್ಲಿ ಕುಳಿತಿದ್ದೆ. ನನ್ನ ಫೋನು ಇವರ ಕೈಯಲ್ಲಿತ್ತು. ಇವರು ಒಂದು ಫೋಟೋ ಹೊಡೆದರು. ಹೆಂಗಸರು ಹಾಡುತ್ತಿದ್ದರು, ಅದರ ನಡುವೆ ತಂಗಿಯ ದನಿ, ಬ್ಲೌಜ್ ಹೊಲಿಯುವ ಮಶೀನಿನ ಸದ್ದನ್ನು ಮೀರಿಸಿ ರೂಢಿಯಾದ ದನಿ:

"ಮಾಮಾ, ಅಕ್ಕಂದು ತೆಗೀರಿ!"

ಮಾಮಾ ಎಂದರೆ ಇವರು, ಅಕ್ಕ ಎಂದರೆ ನಾನು. ಅಕ್ಕನದನ್ನು ತೆಗೆಯಿರಿ. ಈಗಷ್ಟೇ ಹೊಡೆದ ಫೋಟೋದಲ್ಲಿ ನಾನಿದ್ದೆನಲ್ಲ, ಅದನ್ನು ತೆಗೆದುಹಾಕಿ.

ಅಲಂಕಾರವಿಲ್ಲದೆ ಹೇಳುತ್ತೇನೆ. ನನಗೆ ಮಕ್ಕಳಿಲ್ಲ. ಕುಬಸದ ಫೋಟೋದಲ್ಲಿ ಮಕ್ಕಳಾಗದವಳು ಬಸುರಿಯ ಮಗ್ಗುಲಿಗೆ ಇರಬಾರದೆಂದು ಯಾರೋ ಗೊಣಗಿರಬೇಕು. ಇವಳು ಕೂಗಿ ಹೇಳಿದಳು. ನಾನು ಎದ್ದೆ, ಚಪ್ಪಲಿ ಮೆಟ್ಟಿದೆ, ಒಂದು ಗಂಟೆಯ ಬಸ್ಸು ಹಿಡಿದೆ. ಊಟ ಮಾಡಲಿಲ್ಲ. ಕುಬಸದ ಮನೆಯಿಂದ ಊಟ ಬಿಟ್ಟು ಎದ್ದು ಬರುವುದು ಎಷ್ಟು ದೊಡ್ಡ ಮಾತೆಂದು ನಮ್ಮ ಕಡೆಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇವರು ಮುಂದಿನ ಬಸ್ಸಿಗೆ ಬಂದರು, ಊಟ ಮಾಡಿಕೊಂಡು. "ಎಲಿ ಹಾಕಿದ್ರು," ಎಂದರು. ನಾನು ಹೊಟ್ಟೆ ನೋವು ಎಂದೆ. ಇವರು ಜೀರಿಗೆ ತಂದುಕೊಟ್ಟರು.

ಅಲ್ಲಿಂದ ಅವಳೂ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಆಗಸ್ಟಿನಲ್ಲಿ ಸಪ್ನಾಳಿಗೆ ಗಂಡು ಮಗು ಆಯಿತೆಂದು ಕಾಯಿಪಲ್ಲೆ ಸಂತೆಯಲ್ಲಿ ಬೇರೆಯವರಿಂದ ತಿಳಿಯಿತು. ಸಂತೋಷವಾಯಿತು. ಬದನೆಕಾಯಿ ಬೇಕಾದ್ದಕ್ಕಿಂತ ಹೆಚ್ಚು ತೂಗಿಸಿಕೊಂಡೆ.

ಭಾನುವಾರ, ೯ ನವೆಂಬರ್

ಜೂನ್ ಎಂಟರ ಗುಂಪು ಬಿಟ್ಟು ಉಳಿದವನ್ನೆಲ್ಲ ನೋಡದೆ ಒಟ್ಟಿಗೇ ಕಾರ್ಡಿಗೆ ಸರಿಸಿದೆ, ಜಾಗವಾಯಿತು. ಚಿತ್ರ ತೆರೆಯಿತು. ಮಗುವಿನ ತೊಟ್ಟಿಲ ಕಾರ್ಯಕ್ರಮದ ಆಮಂತ್ರಣ. ರವಿವಾರ ೨೩ನೇ ತಾರೀಖು, ರಾಮದುರ್ಗ. ಅದರ ಕೆಳಗೆ ಒಂದು ಅಕ್ಷರವನ್ನೂ ಬರೆದಿಲ್ಲ. 'ಬಾ' ಎಂದು ಕೂಡ ಇಲ್ಲ.

ಆದರೆ 'ತಮ್ಮ ಆಗಮನ ಬಯಸುವವರು' ಎಂಬ ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ನನ್ನ ಹೆಸರು: ಶ್ರೀಮತಿ ದುರ್ಗಾ, ಉಪನ್ಯಾಸಕರು, ಬೈಲಹೊಂಗಲ. ಎಂಥ ಜಾಣತನ! ಕರೆಯುವವರ ಪಟ್ಟಿಯಲ್ಲಿ ಹಾಕಿಬಿಟ್ಟರೆ ಆಯಿತು, ಕರೆಯುವ ಗೊಡವೆಯೇ ಇಲ್ಲ. ನನ್ನನ್ನು ನಾನೇ ಕರೆದುಕೊಳ್ಳಬೇಕು.

ಇವರಿಗೆ ತೋರಿಸಿದೆ. "ಹೋಗೂದ?" ಎಂದರು.

"ಕರದಿಲ್ಲ."

"ಹೆಸರ ಐತಿ."

"ಹೆಸರ ಇದ್ರ ಕರದಂಗಲ್ಲ."

"ಹಂಗಾರ ನೀನ ಕರದಿ ಅಂದಂಗಾತು. ಬರತೇನಿ ನಾ."

ಇವರ ತಲೆಗೂ ನನ್ನ ಲಕ್ಷಣಶಾಸ್ತ್ರಕ್ಕೂ ಮೊದಲಿನಿಂದ ಆಗಿಬರುವುದಿಲ್ಲ.

ಬುಧವಾರ, ೧೨ ನವೆಂಬರ್

ಸರಿಸಲು ಉಳಿದದ್ದು ಜೂನ್ ಎಂಟರ ಗುಂಪು ಮಾತ್ರ. ನೋಡದೆಯೇ ಸರಿಸಬಹುದಿತ್ತು. ವಿಡಿಯೊ ಬಹಳ ಭಾರವಿದ್ದುದರಿಂದ, ಇಡುವಂಥದ್ದೋ ಅಲ್ಲವೋ ನೋಡೋಣವೆಂದು ತೆರೆದೆ.

ಒಂದು ನಿಮಿಷ ಹನ್ನೆರಡು ಸೆಕೆಂಡು. ಇವರು ಫೋಟೋ ಎಂದುಕೊಂಡು ವಿಡಿಯೊ ಒತ್ತಿದ್ದಾರೆ. ಜಮಖಾನೆ, ಕಾಲುಗಳು, ಇವರ ಹೆಬ್ಬೆರಳು. ಹಾಡು. "ಮಾಮಾ, ಅಕ್ಕಂದು ತೆಗೀರಿ!" ಇಲ್ಲಿಯವರೆಗೆ ನನಗೆ ಗೊತ್ತಿದ್ದದ್ದೇ. ನನ್ನ ನೀಲಿ ಸೀರೆಯ ಅಂಚು ಎದ್ದು ಬದಿಗೆ ಹೊರಟುಹೋಗುತ್ತದೆ. ಆಮೇಲೆ ಅದೇ ದನಿ:

"ಒಬ್ಬಾಕಿಂದು ತೆಗೀರಿ, ಸಪ್ನಾನ ಸಂಗಟ. ಎರಡ ವರ್ಷ ಅಕಿನ ಸಾಕ್ಯಾಳ. ಅಕಿಗಿ ಮೊದಲ ಅವ್ವ ಅಂದ್ರ ಅಕ್ಕನ."

ಸ್ವಲ್ಪ ಹೊತ್ತು ಹಾಡು.

"ಅಕ್ಕಾ? ಅಯ್ಯ, ಅಕ್ಕಾ ಎಲ್ಲಿ ಹೋದ್ಲು? ಈಗ ಇಲ್ಲೇ ಇದ್ಲಲ್ಲ! ಅಕ್ಕಾ!"

ಉಳಿದ ನಲವತ್ತು ಸೆಕೆಂಡು ಜಮಖಾನೆ.

ಇವರು ಬಂದ ಮೇಲೆ ಕೇಳಿದೆ. "ನೀವು ಅಲ್ಲೇ ಇದ್ರಿ. ಭಾಗ್ಯಾ ಅಂದದ್ದು ನಿಮಗ ಪೂರಾ ಕೇಳಿಸಿರಲಿಲ್ಲೇನ?"

"ಕೇಳಿಸಿತ್ತು."

"ಮತ್ತ ಐದ ತಿಂಗಳದಾಗ ಒಮ್ಮಿ ಯಾಕ ಹೇಳಲಿಲ್ಲರಿ?"

"ನೀ ಹೊಟ್ಟಿ ಬ್ಯಾನಿ ಅಂದಿದ್ದಿ."

ಗುರುವಾರ, ೧೩ ನವೆಂಬರ್

ಇವತ್ತು ದ್ವಿತೀಯ ಪಿಯುಸಿಗೆ ನಾನಾರ್ಥ ಪಾಠ. ಹಲಗೆಯ ಮೇಲೆ ಬರೆದೆ: ತೆಗೆ. ಬಾಗಿಲು ತೆಗೆ ಎಂದರೆ ತೆರೆ. ಕಸ ತೆಗೆ ಎಂದರೆ ಹೊರಗೆ ಹಾಕು. ಫೋಟೋ ತೆಗೆ ಎಂದರೆ? "ಹೊಡಿರಿ, ಮೇಡಂ!" ಎಂದರು ಹುಡುಗಿಯರು. "ಬ್ಯಾರೆ ಅರ್ಥ?" ಎಂದೆ. "ಇಲ್ಲರಿ, ಒಂದ!" ಎಂದರು.

ಎರಡು ಅಂಕದ ಪ್ರಶ್ನೆ. ಇಡೀ ತರಗತಿ ಉತ್ತೀರ್ಣ.

ಭಾಗ್ಯಾಳಿಗೆ ಫೋನು ಮಾಡಬೇಕು ಅನ್ನಿಸುತ್ತದೆ. ಆದರೆ ಏನೆಂದು ಹೇಳುವುದು? ವಿಡಿಯೊ ಕಳಿಸಿಬಿಡುವುದೇ ಲೇಸು. ಸಾಕ್ಷಿ ತಾನೇ ಮಾತಾಡುತ್ತದೆ. ನನ್ನ ತಪ್ಪನ್ನು ನಾನು ನನ್ನ ಬಾಯಿಂದ ಹೇಳುವ ಪ್ರಮೇಯ ಬರುವುದಿಲ್ಲ. ಅದನ್ನೂ ಕಾರ್ಡಿಗೆ ಸರಿಸಿದೆ. ನಾಳೆ ಕಾಲೇಜಿನ ಕಂಪ್ಯೂಟರಿನಲ್ಲಿ ಬೇಕಾದ ಭಾಗವನ್ನು ಮಾತ್ರ ಕತ್ತರಿಸಿ ಕಳಿಸುತ್ತೇನೆ. ನನ್ನ ಸೀರೆಯ ಅಂಚು ಹೊರಟುಹೋಗುವ ಭಾಗ ಬೇಡ.

ಶುಕ್ರವಾರ, ೧೪ ನವೆಂಬರ್

ಸ್ಟಾಫ್ ರೂಮಿನಲ್ಲಿ ಪಿನ್ನು ಚುಚ್ಚಿ ಕಾರ್ಡು ಹಿರಿದು ಕಂಪ್ಯೂಟರಿಗೆ ಹಾಕಿದೆ. ಏನೂ ಇಲ್ಲ. ಮತ್ತೆ ಫೋನಿಗೆ ಹಾಕಿದೆ. "ಕಾರ್ಡ್ ದೋಷಪೂರಿತವಾಗಿದೆ" ಎಂದಿತು. ಸರ್ಕಾರಿ ಕನ್ನಡ, ಆದರೆ ಅರ್ಥವಾಯಿತು.

ಮಡಿವಾಳೆಪ್ಪ ಕಾರ್ಡನ್ನು ಮೂರು ಯಂತ್ರಕ್ಕೆ ಹಾಕಿ ನೋಡಿದ.

"ಹೇಳಿ ತೆಗದಿದ್ರೇನ್ರಿ ಅಕ್ಕಾರ?"

"ಇಲ್ಲ."

"ಕಾಪಿ?"

"ಇಲ್ಲ. ಮೂವ್ ಮಾಡಿದ್ದೆ."

ಸತ್ತವರಿಗೆ ಬಟ್ಟೆ ಹೊದಿಸುವವರ ಹಾಗೆ ಕಾರ್ಡನ್ನು ಒಂದು ಕಾಗದದಲ್ಲಿ ಸುತ್ತಿದ. ಆಮೇಲೆ, "ಬೆಳಗಾವಿಗೆ ಕಳಿಸಿದ್ರ ಒಮ್ಮೊಮ್ಮಿ ಬರತಾವ್ರಿ. ಬಾಳ ಮಹತ್ವದ್ದು ಇತ್ತೇನ್ರಿ?"

ಹನ್ನೊಂದು ಸಾವಿರ ಫೋಟೋ ಇದ್ದವು. "ಒಂದ ಜಮಖಾನಿ," ಎಂದೆ.

ಭಾನುವಾರ, ೧೬ ನವೆಂಬರ್

ಶಾಂತವಾಗಿ ಯೋಚಿಸಿದರೆ ಪರಿಸ್ಥಿತಿ ನನಗೆ ಅನುಕೂಲವಾಗಿಯೇ ಇದೆ. ನಾನು ತಪ್ಪು ಕೇಳಿಸಿಕೊಂಡಿದ್ದೆ ಎಂಬುದಕ್ಕೆ ಪುರಾವೆ ಈಗ ಇಲ್ಲ. ಗೊತ್ತಿರುವುದು ನನಗೆ ಮತ್ತು ಇವರಿಗೆ. ಇವರು ಕೇಳದೆ ಏನನ್ನೂ ಹೇಳುವುದಿಲ್ಲ ಎಂಬುದು ಸಾಬೀತಾಗಿದೆ. ಕರೆಯದ ಮನೆಗೆ ಹೋಗಲಿಲ್ಲ ಎಂದರೆ ಯಾರೂ ಬೆರಳು ಮಾಡುವಂತಿಲ್ಲ.

"ಗೆದ್ದಿ ಬಿಡು," ಎಂದರು ಇವರು, ರೊಟ್ಟಿ ಮುರಿಯುತ್ತ.

ಗೆದ್ದವಳಿಗೆ ಇವತ್ತು ಪಲ್ಲೆಗೆ ಉಪ್ಪು ಹಾಕುವುದು ಮರೆತಿತ್ತು.

ಬುಧವಾರ, ೧೯ ನವೆಂಬರ್

ಫೋನಿನಲ್ಲಿ ಈಗ ಊರಷ್ಟು ಜಾಗ.

ಶುಕ್ರವಾರ, ೨೧ ನವೆಂಬರ್

ಬಜಾರಿನಲ್ಲಿ ಮಗುವಿನ ತಲೆಗೂ ಬೆನ್ನಿಗೂ ಹೊದಿಸುವ ಕುಂಚಿಗೆಯೊಂದನ್ನು ನೇತುಹಾಕಿದ್ದರು. ಕೆಂಪು ಖಣದ ಬಟ್ಟೆಯದು, ಅಂಚಿಗೆ ಕನ್ನಡಿ ಚೂರು. ಹೊಲಿಗೆ ಚೊಕ್ಕವಾಗಿತ್ತೆಂದು ತಂದೆ. ಯಾರ ಮಗುವಿಗಾದರೂ ಆದೀತು. "ಎಷ್ಟ ತಿಂಗಳಿನ ಕೂಸಿಗ್ರಿ?" ಎಂದು ಅಂಗಡಿಯವಳು ಕೇಳಿದಳು. "ಮೂರ ತಿಂಗಳ, ಏಳ ದಿನ" ಎಂದೆ. ಅಂದಾಜಿಗೆ ಏನೋ ಒಂದು ಹೇಳಬೇಕಲ್ಲ.

ಮಡಿವಾಳೆಪ್ಪ ದಾರಿಯಲ್ಲಿ ಸಿಕ್ಕು, ಬೆಳಗಾವಿಯವರೂ ಕೈ ಚೆಲ್ಲಿದರು ಎಂದ.

ಸೋಮವಾರ, ೨೪ ನವೆಂಬರ್

ಬೆಳಗಿನ ಚಹಾ ಮುಗಿಸಿ ಬರೆಯುತ್ತಿದ್ದೇನೆ. ಕಾಲೇಜಿಗೆ ಇನ್ನೂ ಒಂದು ತಾಸಿದೆ.

ನಿನ್ನೆ ಹೋಗಿದ್ದೆವು. ಏಳೂವರೆಯ ಬಸ್ಸು, ಸವದತ್ತಿಯಲ್ಲಿ ಬದಲಿಸಿ ರಾಮದುರ್ಗ. ದಾರಿಯುದ್ದಕ್ಕೂ ಮೊದಲ ವಾಕ್ಯ ಸಿದ್ಧ ಮಾಡುತ್ತ ಕುಳಿತಿದ್ದೆ. ಪೀಠಿಕೆ, ವಿಷಯ, ಉಪಸಂಹಾರ ಎಲ್ಲ ಇತ್ತು. ಬಾಗಿಲಲ್ಲಿ ಭಾಗ್ಯಾ ನಿಂತಿದ್ದಳು. ಐದು ತಿಂಗಳಲ್ಲಿ ಕಿವಿಯ ಹತ್ತಿರದ ಕೂದಲು ಬೆಳ್ಳಗಾಗಿದೆ. ಪೀಠಿಕೆ ಮರೆತುಹೋಯಿತು.

"ಕಾಲ ತೊಳ್ಕೋ," ಎಂದಳು. "ತಡಾ ಮಾಡಿ ಬಂದಿ. ಉಪ್ಪಿಟ್ಟ ಆರಿತು."

ತೊಟ್ಟಿಲಿಗೆ ಹಾಕುವುದು ಮುಗಿಯಿತು, ಹೆಸರಿಟ್ಟಿದ್ದಾಯಿತು: ಗೌತಮ. ಊಟಕ್ಕೆ ಭಾಗ್ಯಾ ನನ್ನ ಎದುರಿಗೇ ಕುಳಿತಳು, ಕಾವಲಿಗೆ ಕುಳಿತವಳ ಹಾಗೆ. ನಾನು ಹೋಳಿಗೆ ಮುಗಿಸುವವರೆಗೆ ತನ್ನ ಎಲೆ ಮುಟ್ಟಲಿಲ್ಲ. ಊಟವಾದ ಮೇಲೆ ಒಳಕೋಣೆಯಲ್ಲಿ ಸಪ್ನಾ ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ, "ದೊಡ್ಡವ್ವ, ಸ್ವಲ್ಪ ಹಿಡಿ, ನಾ ಉಣತೇನಿ" ಎಂದು ಹೋದಳು. ಕುಂಚಿಗೆಯ ಒಳಗಿಂದ ನನ್ನನ್ನು ಒಮ್ಮೆ ಪರೀಕ್ಷಿಸಿ ಅದು ನಿದ್ದೆ ಹೋಯಿತು. ಭಾಗಿ ಬಂದು ಕುಳಿತಳು.

"ಭಾಗಿ, ನಾ ಅವತ್ತ ತಪ್ಪ ಕೇಳಿಸ್ಕೊಂಡೆ," ಎಂದೆ. ಎಲ್ಲ ಹೇಳಿದೆ: ತೆಗೀರಿ ಅಂದದ್ದು, ನಾನು ಅರ್ಥ ಮಾಡಿದ್ದು, ಜಮಖಾನೆಯ ವಿಡಿಯೊ, ಕಾರ್ಡು. "ಸಾಕ್ಷಿ ಇಲ್ಲ. ನನ್ನ ಮಾತ ನಂಬಬೇಕ ನೀ."

ಅವಳು ಬಾಯಿ ತೆರೆದು ನೋಡುತ್ತಿದ್ದಳು.

"ನಾ ಯಾವಾಗ ಹಂಗ ಅಂದ್ನಿ? ನನಗ ನೆಪ್ಪ ಇಲ್ಲ."

"ಅಂದಿ. ವಿಡಿಯೋದಾಗ ಇತ್ತು."

"ಹಂಗಾರ ನೀ ಎದ್ದ ಹೋದದ್ದು ಅದಕ್ಕ?"

"ಮತ್ತ್ಯಾತಕ್ಕ?"

ಅವಳ ಮುಖದಲ್ಲಿ ಒಂದು ಗಳಿಗೆ ಏನೋ ಹಗುರಾಯಿತು. ಅಲ್ಲಿಗೇ ಬಿಟ್ಟುಬಿಡಬಹುದಿತ್ತು ಅವಳು. ನಾನಾಗಿದ್ದರೆ ಬಿಡುತ್ತಿದ್ದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಉಡಿ ತುಂಬೂದು ಮೊದಲ ನೀನ ತುಂಬಬೇಕಿತ್ತು," ಎಂದಳು. "ಬೀಗತಿ ನನ್ನ ಬದಿಗೆ ಕರದು, ಮಕ್ಕಳಾಗದಾಕಿ ಮೊದಲ ಬ್ಯಾಡ ಅಂದ್ಲು. ನಾ ಒಂದ ಮಾತ ತಿರುಗಿ ಆಡಲಿಲ್ಲ. ನಿನ್ನ ಐದನೇದಾಕೀನ ಮಾಡಿದೆ. ನಿನಗ ತಿಳೀತು, ಅದಕ್ಕ ಉಣಲಾರದ ಹೋದಿ ಅಂತ ಇಷ್ಟ ದಿನಾ ಸಾಯಾಕ ಹತ್ತಿದ್ದೆ. ಫೋನ ಮಾಡಾಕ ಯಾವ ಮಾರಿ ಇತ್ತ ನನಗ?"

ನನಗೆ ತಿಳಿದೇ ಇರಲಿಲ್ಲ. ಐದನೆಯವಳಾಗಿ ಕರೆದಾಗ ಮರ್ಯಾದೆ ಮಾಡಿದರೆಂದೇ ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಅಧ್ಯಕ್ಷೀಯ ಭಾಷಣ ಯಾವಾಗಲೂ ಕೊನೆಗೇ ಇರುತ್ತದೆ.

ಐದು ತಿಂಗಳು ಸುಳ್ಳು ಕಾರಣಕ್ಕೆ ಸಿಟ್ಟು ಮಾಡಿದ್ದೆ. ಈಗ ಖರೆ ಕಾರಣ ಕೈಗೆ ಬಂದಿತ್ತು, ಅದೂ ಎರಡು ಹೋಳಿಗೆ ಉಂಡ ಮೇಲೆ. ಎದ್ದು ನಿಲ್ಲಬೇಕೆನ್ನಿಸಿತು.

"ಸಿಟ್ಟ ಬಂತ?" ಎಂದಳು ಭಾಗಿ.

"ಬಂತು."

"ಎದ್ದ ಹೋಗತಿ?"

"ಹೋಗತೇನಿ. ಕೂಸ ಎದ್ದ ಮ್ಯಾಲ."

ಅವಳು ಎದ್ದು ಬಾಗಿಲು ಮುಂದೆ ಮಾಡಿದಳು, ಹೊರಗಿನ ಸದ್ದಿಗೆ ಅದು ಎಚ್ಚರವಾಗಬಾರದೆಂದು. ಫ್ಯಾನಿನ ವೇಗ ಒಂದಕ್ಕೆ ಇಳಿಸಿದಳು. ಬಂದು ನನ್ನ ಮಗ್ಗುಲಿಗೆ ಗೋಡೆಗೆ ಒರಗಿ ಕುಳಿತಳು. ಮೂರು ಗಂಟೆಗೆ ಇವರು ಬಾಗಿಲಲ್ಲಿ ಇಣುಕಿ, "ಬಸ್ಸು" ಎಂದರು. ಇಬ್ಬರೂ ಕೂಡಿಯೇ "ಶ್‌" ಎಂದೆವು.

ನಾಲ್ಕೂವರೆಯವರೆಗೆ ಮಗು ಏಳಲಿಲ್ಲ.